ನಮ್ಮವ್ವನ ಹೊಲದಾಗಿನ ಪೆಟ್ರೋಲ್ ಟಾಕಿ

ಕೆಲವರ ಮನೆಗೆ ಬೀಗರು ಬರುತ್ತಾರೆ, ಕೆಲವರ ಮನೆಗೆ ಕಳ್ಳರು ಬರುತ್ತಾರೆ. ನಮ್ಮ ಮನೆಗೆ ಮಾತ್ರ ಯಾವಾಗಲೂ ಸರ್ಕಾರವೇ ಬರುತ್ತಿತ್ತು. ಯಾಕೆಂದು ನನಗೂ ಗೊತ್ತಿಲ್ಲ. ನಿಜಾಮರ ಕಾಲದಲ್ಲಿ ಬಂತು, ನಿಜಾಮರ ಕಾಲ ಮುಗಿದ ಮೇಲೂ ಬಂತು. ಬಂದ ಸರ್ಕಾರವೆಲ್ಲ ನಮ್ಮ ಹೊಲದ ಬದುವಿನ ಮೇಲೇ ನಿಂತು ಬೆವರು ಒರೆಸಿಕೊಂಡಿತು.

ಬೀದರಿನಲ್ಲಿ ನನ್ನನ್ನು ಟಾಕಿ ಕಾಕಾ ಅನ್ನುತ್ತಾರೆ. ದೊಡ್ಡ ಲಡಾಯಿಯನ್ನು ಗೆದ್ದುಕೊಡುವುದರಲ್ಲಿ ನನ್ನ ಪಾಲು ಎಷ್ಟಿತ್ತೆಂದು ಯಾರೂ ಬರೆದಿಟ್ಟಿಲ್ಲವಾದ್ದರಿಂದ ನಾನೇ ಹೇಳಬೇಕಾಗಿದೆ. ವಿಮಾನಗಳಿಗಾಗಿ ನೆಲದೊಳಗೆ ಕಟ್ಟಿದ ಪೆಟ್ರೋಲ್ ಟಾಕಿಯನ್ನು, ಅಂದರೆ ದೊಡ್ಡ ತೊಟ್ಟಿಯನ್ನು, ಕಾದವನು ನಾನು. ನನ್ನ ಕಾವಲಿನಲ್ಲಿ ಒಂದು ಹನಿ ಪೆಟ್ರೋಲೂ ಕಳುವಾಗಲಿಲ್ಲ. ಈ ಮಾತು ಎದೆ ತಟ್ಟಿ ಹೇಳುವ ಧೈರ್ಯ ಯಾವ ಜನರಲ್ ಸಾಹೇಬನಿಗೂ ಇಲ್ಲ. ಯಾಕೆ ಕಳುವಾಗಲಿಲ್ಲ ಅನ್ನುವುದು ಮುಂದೆ ತಿಳಿಯುತ್ತದೆ, ಅವಸರ ಮಾಡಬೇಡಿ.

ಲಡಾಯಿ ಮುಗಿಯುವ ತನಕ

ಬೀದರ್ ಊರ ಹೊರಗೆ ವಿಮಾನ ಇಳಿಯುವ ಬಯಲು ಮಾಡಿದ್ದರು. ವಿಮಾನ ಅಂದಮೇಲೆ ಕುಡಿಯಲು ಪೆಟ್ರೋಲ್ ಬೇಕು. ಪೆಟ್ರೋಲನ್ನು ಬಯಲಲ್ಲಿಟ್ಟರೆ ಜಪಾನಿನವರು ಮೇಲಿಂದ ನೋಡಿ ಬಾಂಬ್ ಹಾಕುತ್ತಾರೆ, ಆದ್ದರಿಂದ ನೆಲದೊಳಗೆ ಟಾಕಿ ಕಟ್ಟಿ ಬಚ್ಚಿಡಬೇಕು ಎಂದು ಎಲ್ಲೋ ಫ್ಯಾನಿನ ಕೆಳಗೆ ಕೂತವರಿಗೆ ಹೊಳೆಯಿತು. ಬಗದಲ್ ದಾರಿಯಲ್ಲಿದ್ದ ನಮ್ಮ ಹೊಲವನ್ನು ಜಪಾನಿನವರು ಕನಸಿನಲ್ಲೂ ಹುಡುಕಲಾರರು ಎಂಬುದೂ ಅವರಿಗೇ ಹೊಳೆಯಿತು.

ಹೊಲಗಳ ಲೆಕ್ಕ ನೋಡುವ ತಹಶೀಲಿನ ಗಿರ್ದಾವರ ಸಾಹೇಬರು ಸೈಕಲ್ ಮೇಲೆ ಬಂದರು. ಅಪ್ಪ ಹೋದ ಮೇಲೆ ಮನೆಗೆ ಅವ್ವನೇ ಯಜಮಾನಿ. ಅವಳು ಸೆರಗು ಸರಿಮಾಡಿಕೊಂಡು ಬದುವಿಗೆ ಬಂದಳು.

"ಅವ್ವಾ, ನಿಮ್ಮ ಹೊಲ ಸರ್ಕಾರಕ್ಕ ಬೇಕಾಗ್ಯಾದ."

"ಬಿತ್ತಲಿಕ್ಕೇನ್ರಿ?"

"ಅಲ್ಲ. ಹೂಳಲಿಕ್ಕ."

"ಯಾರನ್ನರಿ?"

"ಯಾರನ್ನೂ ಅಲ್ಲವ್ವಾ, ಪೆಟ್ರೋಲ್! ಲಡಾಯಿ ನಡದದಲ್ಲ, ಅದಕ್ಕ."

"ಯಾರ್ಯಾರ ನಡುವಿನ ಲಡಾಯಿರಿ?"

"ಅಂಗ್ರೇಜರು, ಜರ್ಮನಿಯವರು, ಜಪಾನಿನವರು..."

"ಇಷ್ಟು ಮಂದಿ ಸೇರಿ ಜಗಳಾಡ್ಲಿಕ್ಕ ನಮ್ಮ ಹೊಲಾನೇ ಬೇಕಾಯ್ತೇನ್ರಿ? ಅವರವರ ಊರಾಗ ಹೊಲ ಇಲ್ಲೇನ್ರಿ?"

ಗಿರ್ದಾವರರಿಗೆ ಇದು ಗೊತ್ತಿರಲಿಲ್ಲ. ಲಡಾಯಿ ಮುಗಿಯುವ ತನಕ ಅಷ್ಟೇ, ಮುಗಿದ ಮರುದಿನ ಹೊಲ ನಿಮ್ಮದೇ ಅಂದರು. ಅವ್ವ ಒಂದೇ ಮಾತು ಕೇಳಿದಳು.

"ಎಳ್ಳಮಾಸಿಗಿ ನಾ ಬಂದು ಚರಗ ಚೆಲ್ಲಬೇಕ್ರಿ. ಅದಕ್ಕೇನೂ ಅಡ್ಡಿ ಇಲ್ಲಲ್ಲ?"

ನಮ್ಮ ಕಡೆಯವರಿಗೆ ಇದನ್ನು ಹೇಳಬೇಕಿಲ್ಲ. ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ, ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಕಾಳು-ಸೊಪ್ಪು ಕಲೆಸಿ ಬೇಯಿಸಿದ ಭಜ್ಜಿ, ಸಜ್ಜಿ ರೊಟ್ಟಿ, ಕಡಬು, ಅಂಬಲಿಗಳನ್ನು ಮೊದಲು ಭೂಮಿತಾಯಿಗೆ ನಾಲ್ಕೂ ಮೂಲೆಗೆ ಚೆಲ್ಲಿ, ಆಮೇಲೆ ತಾವು ಉಣ್ಣುವುದು. ಬಂದವರಿಗೆಲ್ಲ ಉಣಿಸುವುದು. ಅವ್ವನ ಪ್ರಕಾರ ಒಂದು ವರ್ಷ ಚರಗ ತಪ್ಪಿದರೆ ಹೊಲಕ್ಕೆ ತನ್ನ ಮನೆಯವರು ಯಾರೆಂಬುದು ಮರೆತುಹೋಗುತ್ತದೆ.

"ಬರ್ರಿ, ಚೆಲ್ರಿ. ಸರ್ಕಾರ ಬ್ಯಾಡ ಅಂತದೇನು?" ಎಂದು ಗಿರ್ದಾವರರು ಸೈಕಲ್ ಏರಿದರು.

ಹೊಲ ಹೋದ ಮನೆಗೆ ಒಂದು ನೌಕರಿ ಅಂತ ನನ್ನನ್ನೇ ಟಾಕಿಯ ಚೌಕಿದಾರನನ್ನಾಗಿ ಮಾಡಿದರು. ಖಾಕಿ ಅಂಗಿ, ಒಂದು ಸೀಟಿ, ಒಂದು ಬಡಿಗೆ. ಅವ್ವ ಎಕಂಬಾದ ತವರಿಗೆ ಹೇಳಿಕಳಿಸಿದಳು: "ನನ್ನ ಮಗನಿಗಿ ಭಡ್ತಿ ಆಗ್ಯಾದ. ಮೊದಲ ಹೊಲದಾಗ ದುಡೀತಿದ್ದ, ಈಗ ಅದೇ ಹೊಲದಾಗ ಸುಮ್ನ ನಿಂದರ್ತಾನ."

ಬೇಡವಾದ ಗಂಗವ್ವ

ಟಾಕಿಯ ಗುಂಡಿ ತೋಡಲು ಗುತ್ತಿಗೆದಾರ ಭಾಲ್ಕಿ ಕಡೆಯಿಂದ ಜನ ಕರೆತಂದ. ಅವರು ತಲೆತಲಾಂತರದಿಂದ ಬಾವಿ ತೋಡುವವರು. ಅವರ ಮೇಸ್ತ್ರಿಗೆ ದಪ್ಪ ಮೀಸೆ. ನೆಲಕ್ಕೆ ಕಿವಿಯಿಟ್ಟು ಮಲಗಿದರೆ ಎದ್ದಮೇಲೆ ಅರ್ಧ ಮೀಸೆ ಕೆಂಪು. ನಮ್ಮ ಬೀದರ್ ಮಣ್ಣೇ ಹಾಗೆ.

ಕೆಲಸದ ಮೇಲುಸ್ತುವಾರಿಗೆ ಒಬ್ಬ ಇಂಜಿನಿಯರ್ ಸಾಹೇಬರಿದ್ದರು. ಒಳ್ಳೆಯವರು, ಆದರೆ ಯಾವಾಗಲೂ ಹೊಟ್ಟೆನೋವು ಬಂದವರ ಮುಖ. "ಇಷ್ಟು ಆಳ ಸಾಕು, ನಿಲ್ಲಿಸು" ಎಂದು ಅವರು ಹೇಳಿ ಹೋದರು. ಮೇಸ್ತ್ರಿ ನಿಲ್ಲಿಸಲಿಲ್ಲ.

"ಸಾಹೇಬ್ರು ಸಾಕಂದಾರಲ್ಲೋ ಮೇಸ್ತ್ರಿ," ಅಂದೆ ನಾನು.

"ಸಾಹೇಬ್ರು ಸಂಕೋಚದ ಮನಷ್ಯಾ. ನಮಗ ತ್ರಾಸ ಆಗ್ತದಂತ ಸಾಕಂದಾರ. ನೀರು ಬರಲಾರದ ಗುಂಡಿ ಬಿಟ್ಟು ಹ್ವಾದ್ರ ನಮ್ಮ ಮಂದಿಗಿ ಯಾರು ಹೆಣ್ಣು ಕೊಡ್ತಾರ?"

ಅದು ಅವರ ಕುಲದ ಮರ್ಯಾದೆ. ನೀರು ಕಾಣದೆ ಗುಂಡಿಯಿಂದ ಮೇಲೆ ಬಂದ ಮೇಸ್ತ್ರಿಯನ್ನು ಊರೊಳಗೆ ಸೇರಿಸುತ್ತಿರಲಿಲ್ಲವಂತೆ. ಸಾಹೇಬರು ಮರಳಿ ಬರುವ ಹೊತ್ತಿಗೆ ಗುಂಡಿಯ ಮೂಲೆಯಲ್ಲಿ ಗಂಗವ್ವ ತಣ್ಣಗೆ ಜಿನುಗುತ್ತಿದ್ದಳು. ಸುದ್ದಿ ಬಗದಲ್‌ಗೆ ಮುಟ್ಟಿ ಹೆಣ್ಣುಮಕ್ಕಳು ಆರತಿ ಹಿಡಿದು ಬಂದಿದ್ದರು. ಮೇಸ್ತ್ರಿ ಕೆಸರುಗೈಯಲ್ಲಿ ಒಂದು ಬೊಗಸೆ ನೀರು ಹಿಡಿದು ಓಡಿಬಂದು ಸಾಹೇಬರ ಬೂಟಿನ ಮೇಲೆ ಬಿಟ್ಟು ನಮಸ್ಕಾರ ಮಾಡಿದ.

"ಸಾಹೇಬ್ರ, ನಿಮ್ಮ ಪುಣ್ಯಾ ದೊಡ್ಡದು! ಸಿಹಿ ನೀರು! ನನಗ ಹೊಸ ರುಮಾಲು ಸುತ್ತಸ್ರಿ!"

ಸಾಹೇಬರು ಮಣ್ಣಿನ ಗುಡ್ಡೆಯ ಮೇಲೆ ಕೂತು ತಲೆಗೆ ಕೈಹಚ್ಚಿದರು. ಕಣ್ಣಲ್ಲಿ ನೀರು ಬಂತು. ಮೇಸ್ತ್ರಿ ನನ್ನ ಕಡೆ ತಿರುಗಿ ಮೆಲ್ಲಗೆ ಅಂದ: "ನೋಡಪ್ಪಾ, ಖುಷಿ ತಡಕೊಳ್ಳಲಿಕ್ಕ ಆಗವಲ್ದು ಅವರಿಗಿ."

ಆಮೇಲೆ ಮೂಟೆ ಮೂಟೆ ಸಿಮೆಂಟ್ ಸುರಿದು ಆ ನೀರಿನ ಬಾಯಿ ಮುಚ್ಚಿದರು. ಸುತ್ತ ಮೂರು ತಾಲ್ಲೂಕಿನಲ್ಲಿ ನೀರಿಗಾಗಿ ಅಳುವವರನ್ನು ಕಂಡಿದ್ದೆ, ನೀರು ಬಂತೆಂದು ಅತ್ತವರನ್ನು ಕಂಡದ್ದು ಅದೊಂದೇ ಸಲ. ಮೇಸ್ತ್ರಿ ಹೋಗುವಾಗ ಅವ್ವನೇ ಅಪ್ಪನ ಹಳೆಯ ರುಮಾಲು ಅವನಿಗೆ ಸುತ್ತಿದಳು. "ಬಂದಾಕಿ ಹಿಂದಕ್ಕ ಹೋಗಾಂಗಿಲ್ಲವ್ವಾ," ಅಂದನಂತೆ ಅವನು, "ಗಂಗವ್ವಂದು ನಮ್ಮ ಹೆಣ್ಣಮಕ್ಕಳ ಗುಣಾ. ಬಾಗಿಲು ಹಾಕಿದ್ರ ಹೊರಗ ಕುಂತು ಕಾಯ್ತಾಳ."

ಬಾಂಬು ತಿಂದವನು

ಟಾಕಿ ತಯಾರಾಯಿತು. ಮೇಲೆ ಮಣ್ಣು ಹರಡಿ, ನಡುವೆ ಒಂದು ಕಬ್ಬಿಣದ ಮುಚ್ಚಳ ಬಿಟ್ಟು, ಸುತ್ತಲೂ ಮುಳ್ಳುತಂತಿ ಬಿಗಿದರು. ಪರವೂರಿನ ಸಿಪಾಯಿಗಳು ಬಂದರು. ಅವರ ಮೇಲೊಬ್ಬ ಕಪ್ತಾನ್ ಸಾಹೇಬ. ಒಳಗೆ ಬರುವವರು ಆ ದಿನದ ಗುಪ್ತ ಶಬ್ದ ಹೇಳಬೇಕು, ಇಲ್ಲದಿದ್ದರೆ ಬಿಡಬಾರದು ಎಂದು ನನಗೆ ಹುಕುಂ.

ಎಳ್ಳಮಾಸಿ ಬಂತು. ಅವ್ವ ಬುಟ್ಟಿ ಹೊತ್ತು ಬಂದಳು. ಕನ್ನಡ ಬಾರದ ಕಪ್ತಾನ ಹಿಂದೆ ನಿಂತು ನೋಡುತ್ತಿದ್ದ. ನಾನು ಎದೆ ಸೆಟೆಸಿ ಬಡಿಗೆ ಅಡ್ಡ ಹಿಡಿದೆ.

"ಯಾರದು?"

"ಕಣ್ಣಾಗ ಮಣ್ಣು ಬಿದ್ದದೇನೋ? ನಿಮ್ಮವ್ವ!"

"ಇವತ್ತಿನ ಶಬ್ದ ಹೇಳು."

"ನಿನಗ ಮಾತು ಕಲಿಸಿದಾಕಿ ನಾನು. ನನಗ ಶಬ್ದ ಕೇಳ್ತಿ? ಆ ಗಿರ್ದಾವರ ಬರ್ರಿ ಅಂದಿದ್ರಲ್ಲ!"

"ಅವರಿಗಿ ವರ್ಗಾ ಆಗ್ಯಾದವ್ವಾ."

"ಮಾತಿಗೂ ವರ್ಗಾ ಆಗ್ತದೇನೋ?"

ನಾನು ಬಡಿಗೆ ಇಳಿಸಲಿಲ್ಲ. ಅವ್ವ ಹಿಂದಕ್ಕೆ ಹೋದಳು. ಹೋದಳೆಂದೇ ತಿಳಿದೆ. ಅವಳು ತಂತಿಯ ಆಚೆ ಬದಿಗೆ ಹೋಗಿ, ಬುಟ್ಟಿ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಲ್ಲಿಂದಲೇ ಚರಗ ಬೀಸಿ ಒಗೆಯತೊಡಗಿದಳು. ಭಜ್ಜಿ ಹಾರಿತು, ರೊಟ್ಟಿ ಚಕ್ರದ ಹಾಗೆ ತಿರುಗಿ ಬಂತು. ಕೊನೆಗೆ ಸಜ್ಜಿ ಹಿಟ್ಟಿನ ಉಂಡಗಡಬು. ಅವ್ವ ಚಿಕ್ಕಂದಿನಲ್ಲಿ ಕವಣೆ ಬೀಸಿ ಹಕ್ಕಿ ಓಡಿಸಿದವಳು. ಒಂದು ಕಡಬು ಟಾಕಿಯ ಮುಚ್ಚಳಕ್ಕೆ ಠಣ್ ಅಂತ ಬಡಿದು ಉರುಳಿತು.

"ಬಾಂಬ್!" ಎಂದು ಕಪ್ತಾನ ಕೂಗಿದ. ಸಿಪಾಯಿಗಳೆಲ್ಲ ನೆಲಕ್ಕೆ ಬೋರಲು ಬಿದ್ದರು. ಕಪ್ತಾನ ಎಲ್ಲರಿಗಿಂತ ಕೆಳಗೆ. ಕಡಬು ಸಿಡಿಯಲಿಲ್ಲ. ಯಾರೂ ಏಳಲೂ ಇಲ್ಲ. ಮೈದಾನದಲ್ಲಿ ನಿಂತಿದ್ದವನು ನಾನೊಬ್ಬನೇ. ನಾನು ನಿಧಾನಕ್ಕೆ ನಡೆದುಹೋಗಿ, ಕಡಬು ಎತ್ತಿ, ಮಣ್ಣು ಊದಿ, ತಿಂದುಬಿಟ್ಟೆ.

ಕಪ್ತಾನ ನನ್ನ ಬೆನ್ನು ತಟ್ಟಿ, ಇಂಥ ಶೂರನನ್ನು ಎಲ್ಲೂ ಕಂಡಿಲ್ಲ ಅಂದ. ಆದರೂ ಒಂದು ಸಂಶಯ ಅವನಿಗೆ ಉಳಿದೇ ಇತ್ತು. ತಂತಿಯಾಚೆ ನಿಂತಿದ್ದ ಆ ಮುದುಕಿ ಶೂರನ ಕಡೆ ಕೈಮಾಡಿ ಯಾಕೆ ಕೂಗಿದಳು?

ಅವ್ವ ಕೂಗಿದ್ದು ಇಷ್ಟೇ: "ತುಪ್ಪ ಹಚ್ಚಿಕೊಂಡು ತಿನ್ನೋ, ಮೂರ್ಖ!"

ತುಂಬದ್ದು ಖಾಲಿ ಆಗುವುದಿಲ್ಲ

ಈಗ ಹೇಳುತ್ತೇನೆ. ಪೆಟ್ರೋಲ್ ಬರಲೇ ಇಲ್ಲ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎನ್ನುವುದರೊಳಗೆ ಜರ್ಮನಿ ಸೋತಿತು, ಜಪಾನೂ ಸೋತಿತು. ಟಾಕಿಯ ತಳಕ್ಕೆ ಒಂದು ಹನಿ ಬೀಳಲಿಲ್ಲ. ಆ ಶತ್ರುಗಳೆಲ್ಲ ಸೋತದ್ದು ಖಾಲಿ ಟಾಕಿಯ ಮುಂದೆ ನಾನು ತೋರಿಸಿದ ಗತ್ತಿಗೆ ಹೆದರಿಯೇ ಎಂದು ನನ್ನ ಅಂದಾಜು.

ಸಿಪಾಯಿಗಳು ಹೊರಟುಹೋದರು. ಬಿಟ್ಟುಹೋದ ಸಾಮಾನು ನೋಡಿಕೊಳ್ಳಲು ಒಬ್ಬ ದಾರೋಗಾ ಸಾಹೇಬರು ಉಳಿದರು. ಅವ್ವ ಅವರ ಮುಂದೆ ಹೋಗಿ ನಿಂತಳು. ನಾನು ಪಕ್ಕದಲ್ಲಿ.

"ಲಡಾಯಿ ಮುಗೀತಂತ್ರಿ. ನಮ್ಮ ಹೊಲ ಬಿಡ್ರಿ."

"ಬಿಡ್ತೇವಿ ಅವ್ವಾ, ಯಾಕ ಬಿಡಾಂಗಿಲ್ಲ? ಟಾಕಿ ಖಾಲಿ ಆದ ಕೂಡ್ಲೇ ಹೊಲ ವಾಪಸ್ ಕೊಡಬೇಕಂತ ಕಾಯಿದೇನೇ ಅದ."

"ಖಾಲಿನೇ ಅದರಿ," ಅಂದೆ ನಾನು.

"ಖಾಲಿ ಇರೋದು ಬ್ಯಾರೆ, ಖಾಲಿ *ಆಗೋದು* ಬ್ಯಾರೆ. ಮೊದಲ ತುಂಬಿದ್ರ ತಾನೇ ಆಮ್ಯಾಲ ಖಾಲಿ ಆಗ್ತದ? ಇದು ತುಂಬೇ ಇಲ್ಲ."

"ಹಾಂಗಾದ್ರ ತುಂಬ್ರಿ."

"ಲಡಾಯಿ ಮುಗದದಲ್ಲ. ಈಗ ಯಾರು ತುಂಬ್ತಾರ?"

ಅವ್ವ ಮನೆಗೆ ಹೋದಳು. ದೀಪಕ್ಕೆಂದು ಇಟ್ಟಿದ್ದ ಚಿಮಣಿ ಎಣ್ಣೆಯ ಬಾಟಲಿ ತಂದು ದಾರೋಗಾರ ಮೇಜಿನ ಮೇಲೆ ಇಟ್ಟಳು.

"ಇದನ್ನ ಹಾಕ್ರಿ. ಹಾಕಿ ಹೊರಗ ತಗೀರಿ. ಖಾಲಿ ಆಯ್ತು ಅಂತ ಬರೀರಿ."

ದಾರೋಗಾರು ಕುರ್ಚಿಯಿಂದ ಎದ್ದರು. "ಸರ್ಕಾರಿ ಟಾಕಿಯೊಳಗ ಖಾಸಗಿ ಎಣ್ಣಿ? ಜೇಲ್ ಆಗ್ತದ ಅವ್ವಾ!"

ಅವ್ವ ಬಾಟಲಿ ಎತ್ತಿಕೊಂಡಳು. ಮನೆ ಹೊಸ್ತಿಲ ಹತ್ತಿರ ಬಂದಾಗ ನನ್ನನ್ನು ಕೇಳಿದಳು: "ಖಾಸಗಿ ಹೊಲದಾಗ ಸರ್ಕಾರಿ ಟಾಕಿ ಇಟ್ಟವರಿಗಿ ಏನಾಗ್ತದೋ ತಮ್ಮಾ?"

"ಭಡ್ತಿ ಆಗ್ತದವ್ವಾ," ಅಂದೆ.

ನಿಜ. ಮುಂದಿನ ತಿಂಗಳು ದಾರೋಗಾರಿಗೆ ಭಡ್ತಿ ಆಯಿತು.

ವಾಸನೆ ಇಲ್ಲದ ಪೆಟ್ರೋಲ್

ಆಮೇಲೆ, ನಿಜಾಮರ ಕಾಲ ಮುಗಿಯುವ ಮುಂಚೆ, ಗದ್ದಲದ ದಿನಗಳು ಬಂದವು. ಆ ದಿನಗಳ ಬಗ್ಗೆ ಹಾಸ್ಯ ಮಾಡಬಾರದು, ನಾನೂ ಮಾಡುವುದಿಲ್ಲ. ಔರಾದ್ ಕಡೆಯಿಂದ ಜನ ಗಂಟುಮೂಟೆ ಕಟ್ಟಿಕೊಂಡು ಗಡಿ ದಾಟುತ್ತಿದ್ದರು. ಬಾಗಿಲು ಬಡಿದ ಸದ್ದಾದರೆ ಮನೆಯಲ್ಲಿ ಯಾರೂ ಉಸಿರೆತ್ತುತ್ತಿರಲಿಲ್ಲ. ಆದರೆ ಗದ್ದಲಕ್ಕೂ ಲಾರಿ ಬೇಕು, ಲಾರಿಗೆ ಪೆಟ್ರೋಲ್ ಬೇಕು. ಹಾಗೆ ಗದ್ದಲವೂ ನಮ್ಮ ಹೊಲಕ್ಕೇ ಬಂತು.

ಒಂದು ಮಧ್ಯಾಹ್ನ ಒಂದು ಲಾರಿ ಬಂದು ನಿಂತಿತು. ಹಳ್ಳಿಗಳನ್ನು ಸುಲಿಯುವ ಬಂದೂಕಿನವರು ಇಳಿದರು. ಅವರ ಮುಖಂಡ ನನ್ನ ಎದೆಗೆ ಬಂದೂಕು ಹಿಡಿದ. ಆಗ ನಾನು ನಡುಗಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಡುಗಿದ್ದು ಅಂಗಿ, ನಾನು ಅದರೊಳಗಿದ್ದೆ ಅಷ್ಟೇ.

"ಪೆಟ್ರೋಲ್ ತಗಿ."

"ಇಲ್ಲರಿ. ಖಾಲಿ ಅದರಿ."

"ಖಾಲಿ ಟಾಕಿಗಿ ಯಾರಾದ್ರೂ ಚೌಕಿದಾರನ್ನ ಇಡ್ತಾರೇನೋ?"

ಇದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಸರ್ಕಾರದ ಬಳಿಯೂ ಇರಲಿಲ್ಲ. ಮುಚ್ಚಳ ತೆಗೆಸಿದರು. ಒಳಗೆ ಕತ್ತಲು. ಮುಖಂಡ ಒಂದು ಕಲ್ಲು ಒಗೆದ. ಗುಳುಂ ಅಂದಿತು!

ನನಗೇ ಗಾಬರಿ. ಆ ಭಾಲ್ಕಿ ಮೇಸ್ತ್ರಿ ಹೇಳಿದ್ದು ಖರೆ ಆಗಿತ್ತು. ಹೊರಗೆ ಕೂತು ಕಾದ ಗಂಗವ್ವ ಸಿಮೆಂಟಿನ ಸಂದು ಹುಡುಕಿ ಒಳಗೆ ಬಂದುಬಿಟ್ಟಿದ್ದಳು.

"ಅದು ನೀರರಿ," ಅಂದೆ.

"ಚುಪ್! ಲಡಾಯಿ ಪೆಟ್ರೋಲ್ ಬಚ್ಚಿಟ್ಟು ನೀರಂತಿ?"

ಹಗ್ಗ ಕಟ್ಟಿ ಕೊಡ ಇಳಿಸಿ ಸೇದಿದರು. ಡ್ರೈವರ್ ಮೂಸಿ ನೋಡಿ ಮುಖ ಗಂಟಿಕ್ಕಿದ. "ಉಸ್ತಾದ್, ವಾಸನಿನೇ ಇಲ್ಲಲ್ಲ?"

ಮುಖಂಡ ನಕ್ಕ. "ಎಡ್ಡ ಇದ್ದಿ, ತಲಿ ಇಲ್ಲ ನಿನಗ. ಇದು ಲಡಾಯಿದು. ದುಶ್ಮನ್‌ಗೆ ಗೊತ್ತಾಗಬಾರದಂತ ವಾಸನಿ ತಗದಿರ್ತಾರ."

ಲಾರಿಯಲ್ಲಿ ಉಳಿದಿದ್ದ ಒಳ್ಳೆಯ ಪೆಟ್ರೋಲಿನ ಮೇಲೆ ಕೊಡಗಟ್ಟಲೆ ನೀರು ಸುರಿದು, ನನಗೆ ಒಂದು ಒದೆ ಕೊಟ್ಟು, ಔರಾದ್ ಕಡೆಯ ಯಾವುದೋ ಹಳ್ಳಿಯ ಮೇಲೆ ಬೀಳಲು ಹೊರಟರು. ಲಾರಿ ಮೊದಲ ತಿರುವಿನಲ್ಲೇ ಕೆಮ್ಮಿತು, ಮುಂದೆ ಬಿಕ್ಕಿತು, ಆಮೇಲೆ ಶಿವನ ಪಾದ ಸೇರಿತು. ಬಿಸಿಲಿನಲ್ಲಿ ಅದನ್ನು ದೂಡಿ ದೂಡಿ, ಬೀಳಬೇಕಾದವರು ತಾವೇ ದಾರಿಯಲ್ಲಿ ಬಿದ್ದರು.

ಆ ಹಳ್ಳಿಯವರಿಗೆ ತಮ್ಮನ್ನು ಉಳಿಸಿದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಸಂತಪುರದ ಸಂತೆಯಲ್ಲಿ ಒಮ್ಮೆ ನಾನೇ ಹೇಳಿದೆ, ನಿಮ್ಮನ್ನು ಉಳಿಸಿದವನು ನಾನು ಅಂತ. ಹೌದೇನ್ರಿ ಕಾಕಾ, ಹ್ಯಾಂಗ ಉಳಿಸಿದಿರಿ ಅಂದರು. ಆ ಬಂದೂಕಿನವರಿಗೆ ನೀರು ಕೊಟ್ಟೆ ಅಂದೆ. ಅಂದಿನಿಂದ ಆ ಊರಲ್ಲಿ ನನಗೆ ಯಾರೂ ನೀರು ಕೊಡುವುದಿಲ್ಲ.

ಪೂರಾ ಕಲಬೆರಕೆ

ನಿಜಾಮರನ್ನು ಇಳಿಸಲು ಫೌಜು ಬಂದು ಪೊಲೀಸ್ ಆಕ್ಷನ್ ಆದಾಗ ಬೀದರಿನ ಮೇಲೂ ವಿಮಾನ ಬಂದವು. ಊರವರು ಗೋಡೆ ಮರೆಗೆ ಓಡಿದರು. ಅವ್ವ ಮಾತ್ರ ಅಂಗಳಕ್ಕೆ ಬಂದು ಆಕಾಶಕ್ಕೆ ಕೈಮುಗಿದು ನಿಂತಳು.

"ಒಳಗ ಬಾ ಅವ್ವಾ, ಬಾಂಬ್ ಹಾಕ್ತಾರ!"

"ಹಾಕ್ಲಂತನೇ ಬೇಡಕೊಳ್ಳಿಕತ್ತೀನಿ. ಟಾಕಿ ಮ್ಯಾಲ ಒಂದೇ ಒಂದು ಹಾಕ್ಲಿ ಸಾಕು. ಬಸವಣ್ಣಗ ತುಪ್ಪದ ದೀಪ ಹಚ್ತೀನಿ."

ಬಾಂಬ್ ಬೀಳಲೆಂದು ಹರಕೆ ಹೊತ್ತವಳು ಈ ಭೂಮಿಯ ಮೇಲೆ ನಮ್ಮವ್ವ ಒಬ್ಬಳೇ. ಅದೂ ಈಡೇರಲಿಲ್ಲ. ಟಾಕಿಯನ್ನು ಯಾರೂ ನೋಡದ ಹಾಗೆ ಬಚ್ಚಿಟ್ಟಿದ್ದರಲ್ಲ, ಆ ಒಂದು ಕೆಲಸ ಮಾತ್ರ ಅಚ್ಚುಕಟ್ಟಾಗಿ ಆಗಿತ್ತು.

ಹೊಸ ಫೌಜಿನ ಮೇಜರ್ ಸಾಹೇಬರು ಬಂದರು. ಅವ್ವನಿಗೆ ಆಸೆ ಚಿಗುರಿತು. ಹೊಸ ಸರ್ಕಾರ, ನಮ್ಮದೇ ಸರ್ಕಾರ, ಹೊಲ ಬಿಟ್ಟೇ ಬಿಡುತ್ತದೆ. ನಾನು ಸೆಲ್ಯೂಟ್ ಹೊಡೆದು ಮುಚ್ಚಳ ತೆಗೆದೆ. ಅಷ್ಟರಲ್ಲಿ ನೀರು ಬಾಯಿಯ ತನಕ ಏರಿತ್ತು. ಸಾಹೇಬರು ಬಗ್ಗಿ ನೋಡಿದರು, ಬೆರಳು ಅದ್ದಿದರು, ನೆಕ್ಕಿದರು. ಮುಖ ಕೆಂಪಾಯಿತು.

"ಪೆಟ್ರೋಲಿಗೆ ನೀರು ಬೆರೆಸಿದವರು ಯಾರು?"

"ಯಾರೂ ಬೆರೆಸಿಲ್ರಿ. ಇದು ಬರೇ ನೀರರಿ."

"ಅಂದರೆ ಪೂರಾ ಬೆರೆಸಿದ್ದೀಯ!"

ನನ್ನನ್ನು ಹಿಡಿದು ಕೂಡಿಹಾಕಿದರು. ಅಲ್ಪಸ್ವಲ್ಪ ಬೆರೆಸುವ ಹಾಲಿನವರನ್ನು ನೀವು ನೋಡಿರಬಹುದು. ಒಂದು ಹನಿಯೂ ಉಳಿಯದಂತೆ ಬೆರೆಸಿದ ಆರೋಪ ಹೊತ್ತವನು ಇಡೀ ಹೈದರಾಬಾದ್ ಸಂಸ್ಥಾನದಲ್ಲಿ ನಾನೊಬ್ಬನೇ. ಒಂದು ಬಾಟಲಿ ನೀರು ಮೊಹರು ಹಾಕಿಸಿಕೊಂಡು ಹೈದರಾಬಾದಿಗೆ ಪರೀಕ್ಷೆಗೆ ಹೋಯಿತು. ಅಲ್ಲಿಯ ತನಕ ಹೊಲ ಬಿಡುವಂತಿಲ್ಲ.

ಅವ್ವ ಮೇಜರ್ ಸಾಹೇಬರ ಮುಂದೆ ನಿಂತಳು. "ಲಡಾಯಿ ಮುಗಿಯುವ ತನಕ ಅಂದ್ರು, ಮುಗೀತ್ರಿ. ಟಾಕಿ ಖಾಲಿ ಆಗುವ ತನಕ ಅಂದ್ರು, ತುಂಬೇ ಬಿಟ್ತರಿ. ಈಗ ಈ ಬಾಟಲಿ ಬರುವ ತನಕ ಏನ್ರಿ?"

ಬಾಟಲಿಯ ಉತ್ತರ ಬಂತು. "ಇದರಲ್ಲಿ ಪೆಟ್ರೋಲಿನ ಅಂಶ ಇಲ್ಲ. ಕುಡಿಯಲು ಯೋಗ್ಯ."

ನಾನು ಬಿಡುಗಡೆಯಾದೆ. ಅವ್ವ ಹೊಲಕ್ಕೆ ಹೊರಡಲು ಕುಂಟೆ, ಕೂರಿಗೆ ಒರೆಸಿಟ್ಟಳು. ಮರುವಾರ ಹೊಸ ಹುಕುಂ: ಟಾಕಿಯಲ್ಲಿರುವುದು ಕುಡಿಯುವ ನೀರು. ಆದ್ದರಿಂದ ಅದು ಟಾಕಿಯಲ್ಲ, ಸಾರ್ವಜನಿಕ ಬಾವಿ. ಸಾರ್ವಜನಿಕ ಬಾವಿ ಇರುವ ಹೊಲವನ್ನು ಖಾಸಗಿಯವರಿಗೆ ಕೊಡುವಂತಿಲ್ಲ.

ಗೈರುಹಾಜರು

ಒಂದೇ ಸುಖ. ಬಾವಿ ಸಾರ್ವಜನಿಕವಾದ ಮೇಲೆ ಯಾರು ಬೇಕಾದರೂ ಕೊಡ ಹಿಡಿದು ಒಳಗೆ ಬರಬಹುದು. ಎಳ್ಳಮಾಸಿಯ ದಿನ ಅವ್ವ ಕೊಡ ಹೊತ್ತು, ಸಾಲಿನಲ್ಲಿ ನಿಂತು, ತನ್ನ ಹೊಲದೊಳಗೆ ಕಾಲಿಟ್ಟಳು. ಕೊಡದಲ್ಲಿ ಚರಗ. ಮೂಲೆ ಮೂಲೆಗೆ ಹೋಗಿ ಚೆಲ್ಲತೊಡಗಿದಳು. ಅದೇ ಹೊತ್ತಿಗೆ ನೀರಿನ ಇಲಾಖೆಯ ಹೊಸ ಸಾಹೇಬರು ತಪಾಸಣೆಗೆ ಬರಬೇಕೆ! ಪರಸ್ಥಳದವರು.

"ಆ ಹೆಂಗಸು ಏನು ಚೆಲ್ಲುತ್ತಿದ್ದಾಳೆ?"

ನನ್ನ ಬಾಯಿಗೆ ಬಂದದ್ದು ಇದು: "ಬಾವಿ ನೀರು ಕೆಡಬಾರದಂತ ಔಷಧರಿ ಸಾಹೇಬ್ರ. ವರ್ಷಕ್ಕೊಮ್ಮಿ ಹಾಕಬೇಕ್ರಿ."

ಸಾಹೇಬರು ಮೆಚ್ಚಿದರು. ಬಹಳ ಮೆಚ್ಚಿದರು. ಇಷ್ಟು ಮುಖ್ಯ ಕೆಲಸ ಖಾಸಗಿಯವರ ಕೈಯಲ್ಲಿ ಇರಬಾರದು, ಮುಂದಿನ ವರ್ಷದಿಂದ ಇಲಾಖೆಯೇ ಮಾಡತಕ್ಕದ್ದು ಎಂದು ಹುಕುಂ ಮಾಡಿದರು.

ಮುಂದಿನ ಎಳ್ಳಮಾಸಿಗೆ ಹೀಗಾಯಿತು. ಔಷಧ ಮಾಡಲು ಇಲಾಖೆಯಲ್ಲಿ ಯಾರಿಗೂ ಬಾರದು, ಆದ್ದರಿಂದ ಅವ್ವನೇ ಮಾಡಿಕೊಟ್ಟಳು. ಚೆಲ್ಲಲು ಇಲಾಖೆಯ ಜವಾನ. ಆ ದಿನ ಖಾಸಗಿಯವರಿಗೆ ಪ್ರವೇಶವಿಲ್ಲ, ತಡೆಯಲು ನಾನು. ಜವಾನ ಬುಟ್ಟಿ ಹಿಡಿದು ಹೊಲದೊಳಗೆ, ಅವ್ವ ತಂತಿಯ ಹೊರಗೆ.

"ಎಡಗಡಿ ಮೂಲಿಗಿ ಬಿದ್ದಿಲ್ಲೋ! ಭಜ್ಜಿ ಮ್ಯಾಲ ರೊಟ್ಟಿ ಮುರದು ಹಾಕು. ಕೈ ಹಿಡೀಬ್ಯಾಡ, ನಿಮ್ಮ ಇಲಾಖಿದೇನು ಹೋಗ್ತದ, ಹಿಟ್ಟು ನಂದು!"

"ಹ್ಞೂಂರಿ ಅವ್ವಾ. ಉಳದ ಔಷಧ ಏನ್ ಮಾಡ್ಲಿರಿ?"

"ಬಂದವರಿಗಿ ಉಣಸಪ್ಪಾ. ಅದೇ ಪದ್ಧತಿ."

ಸಾಹೇಬರು ರುಚಿ ನೋಡಿದರು. ಅದರ ಮರುವರ್ಷ ಸಾಹೇಬರು, ಅವರ ಮನೆಯವರು, ಗುಮಾಸ್ತರು, ಗುಮಾಸ್ತರ ಬೀಗರು ಎಲ್ಲ ಔಷಧದ ತಪಾಸಣೆಗೆ ಬಂದರು. ಚಾಪೆ ಹಾಸಿ ಸಾಲಾಗಿ ಕೂತರು. ಬಡಿಸಲು ಜನ ಸಾಲದೆ ಅವ್ವನಿಗೆ ಒಳಗೆ ಬರಲು ಅಪ್ಪಣೆ ಸಿಕ್ಕಿತು. ಸಾಹೇಬರು ಮೂರನೇ ಸಲ ಭಜ್ಜಿ ಹಾಕಿಸಿಕೊಂಡು, ಸುತ್ತ ಕಣ್ಣಾಡಿಸಿ, ತೇಗಿದರು.

"ಚೆನ್ನಾದ ಹೊಲ. ಇದು ಯಾರದಿತ್ತವ್ವಾ?"

ಅವ್ವನ ಕೈಯಲ್ಲಿ ಸೌಟು ನಿಂತಿತು. ಇಷ್ಟು ವರ್ಷದಲ್ಲಿ ಈ ಮಾತು ಕೇಳಿದ ಮೊದಲ ಸಾಹೇಬ ಅವರು.

"ನಾ ಹೇಳಿದ್ರ ನೀವು ನಂಬ್ತೀರೇನ್ರಿ? ಹೊಲಕ್ಕೇ ಕೇಳ್ರಿ. ಪ್ರತಿ ವರ್ಷ ಉಣಿಸೀನಿ, ಅದಕ್ಕ ನೆನಪದ."

ಸಾಹೇಬರು ನ್ಯಾಯವಂತರು. ಕೈ ತೊಳೆದು ಗುಮಾಸ್ತನಿಗೆ ಅಂದರು: "ಸರಿಯಾದ ಮಾತು. ಹೊಲಕ್ಕೆ ಒಂದು ನೋಟೀಸು ಕೊಡಿ."

ನಾನು ಸುಳ್ಳು ಹೇಳುವವನಲ್ಲ, ನಿಮಗೆ ಗೊತ್ತಲ್ಲ. ನೋಟೀಸು ಬಂತು. ಅದನ್ನು ಹೊಲಕ್ಕೆ ಮುಟ್ಟಿಸುವ ಕೆಲಸ ಚೌಕಿದಾರನದು. ನಡು ಹೊಲದಲ್ಲಿ ನಿಂತು ಗಟ್ಟಿಯಾಗಿ ಓದಿದೆ: ನಿನ್ನ ಮಾಲೀಕರು ಯಾರೆಂಬುದನ್ನು ಗಡುವಿನೊಳಗೆ ಕಚೇರಿಗೆ ಹಾಜರಾಗಿ ತಿಳಿಸತಕ್ಕದ್ದು. ಅವ್ವ ತಂತಿಯಾಚೆ ಕೈಮುಗಿದು ನಿಂತಿದ್ದಳು.

"ಏನಂತದೋ ತಮ್ಮಾ?"

"ಏನೂ ಅನ್ನವಲ್ದವ್ವಾ."

"ಸುಮ್ನ ಹ್ಯಾಂಗ ಅಂತದ? ಬಿತ್ತಿದ್ರ ಮಾತಾಡ್ತದ. ಒಂದು ಹಿಡಿ ಜ್ವಾಳ ಬಿತ್ತಲಿಕ್ಕ ಬಿಡ್ತಾರೇನು ಕೇಳು."

ಕೇಳಿದೆ. ವಿಚಾರಣೆ ನಡೆಯುವಾಗ ಹೊಲದಲ್ಲಿ ಯಾರೂ ಬಿತ್ತಬಾರದು ಅಂದರು. ಗಡುವು ಮುಗಿಯಿತು. ತೀರ್ಮಾನ ಬಂತು. ಅದನ್ನು ಅವ್ವನಿಗೆ ಓದಿ ಹೇಳಿದವನೂ ನಾನೇ.

"ಕೇಳಲಾಗಿ ಸದರಿ ಹೊಲವು ಉತ್ತರ ಕೊಟ್ಟಿರುವುದಿಲ್ಲ. ಗಡುವಿನೊಳಗೆ ಕಚೇರಿಗೆ ಬಾರದೆ ಗೈರುಹಾಜರಾದ ಕಾರಣ, ಅದು ಸರ್ಕಾರದ್ದೆಂದು ತೀರ್ಮಾನಿಸಲಾಗಿದೆ."

ಅವ್ವ ತಂತಿಯ ಆಚೆಯ ಆ ಕೆಂಪು ಮಣ್ಣನ್ನು ನೋಡಿದಳು. ಅಪ್ಪ ಉತ್ತದ್ದು ಅದನ್ನು, ಅಜ್ಜ ಉತ್ತದ್ದು ಅದನ್ನು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಗೈರುಹಾಜರಂತ? ಎಲ್ಲಿಗಿ ಹೋಗಿತ್ತಂತೋ ತಮ್ಮಾ ಅದು?"